ಒಂದು ಸ್ಟಾರ್ ಬಿದ್ದ ರಾತ್ರಿ ಉತ್ತರ ಬರೆಯಬೇಡಿ: ಮೊಬೈಲ್‌ನಲ್ಲಿ ಬೇಳೆ ಮಾರುತ್ತ ಕಲಿತದ್ದು

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ಮಾವನವರ ಕಾಲದಲ್ಲಿ ಬೇಳೆ ಚೀಲಗಟ್ಟಲೆ ಗಂಜ್‌ನ ವ್ಯಾಪಾರಿಗಳಿಗೆ ಹೋಗುತ್ತಿತ್ತು. ತಿನ್ನುವವರು ಯಾರೋ ನಮಗೆ ಗೊತ್ತಿರಲಿಲ್ಲ. ಅವರಿಗೂ ನಮ್ಮ ಹೆಸರು ಗೊತ್ತಿರಲಿಲ್ಲ. ಐದು ವರ್ಷದ ಹಿಂದೆ ನಾನು ಒಂದು ಕಿಲೋ, ಐದು ಕಿಲೋ ಪ್ಯಾಕೆಟ್ ಮಾಡಿ ಮೊಬೈಲ್ ಮೂಲಕ ಮಾರಲು ಶುರು ಮಾಡಿದೆ. ಈಗ ರೊಟ್ಟಿ, ಶೇಂಗಾ ಹಿಂಡಿ, ಮಸಾಲೆ ಖಾರ ಮಾಡುವ ಅಕ್ಕಂದಿರು ಮಿಲ್ಲಿಗೆ ಬಂದು “ಹ್ಯಾಂಗ್ ಮಾಡ್ತೀರಿ, ನಮಗೂ ಹೇಳ್ರಿ” ಅನ್ನುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. 2014ರ ನವೆಂಬರ್ 1ರಿಂದ ನಮ್ಮೂರು ಕಲಬುರಗಿ. ಆದರೆ ಹೊರಗಿನ ಎಷ್ಟೋ ಜನ ಈಗಲೂ ಗುಲ್ಬರ್ಗಾ ಎಂದೇ ಟೈಪ್ ಮಾಡಿ ಹುಡುಕುತ್ತಾರೆ. 2019ರಲ್ಲಿ ನಮ್ಮ ಬೇಳೆಗೆ ಸಿಕ್ಕ ಜಿಐ ಟ್ಯಾಗ್ (ಇದು ಈ ಸೀಮೆಯದೇ ಎಂಬ ಸರ್ಕಾರಿ ಗುರುತು) ಕೂಡ ಗುಲ್ಬರ್ಗಾ ತೂರ್ ದಾಲ್ ಎಂಬ ಹೆಸರಿನಲ್ಲಿದೆ. ಅದಕ್ಕೆ ಗೂಗಲ್‌ನಲ್ಲಿ ಹುಡುಕಿದಾಗ ಕಾಣುವ ಅಂಗಡಿಯ ಪ್ರೊಫೈಲ್‌ನ ವಿವರಣೆಯಲ್ಲಿ, ಇನ್‌ಸ್ಟಾಗ್ರಾಂ ಬಯೋದಲ್ಲಿ ಎರಡೂ ಹೆಸರು ಹಾಕಿ. ತೊಗರಿ ಬೇಳೆ, ತೂರ್ ದಾಲ್, ಅರ್ಹರ್ ದಾಲ್ ಮೂರನ್ನೂ ಬರೆಯಿರಿ. ಗೂಗಲ್‌ನಲ್ಲಿ ಅಂಗಡಿಯ ಹೆಸರು ಕೇಳುವ ಜಾಗದಲ್ಲಿ ಮಾತ್ರ ನಿಮ್ಮ ಬೋರ್ಡ್ ಮೇಲಿರುವ ಹೆಸರಷ್ಟೇ ಇರಲಿ. ಅಲ್ಲಿ ‘ಬೆಸ್ಟ್ ದಾಲ್’ ಎಂದೆಲ್ಲ ಸೇರಿಸುವುದು ಅವರ ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಬಂದ್ ಆಗಬಹುದು.

ಜಿಐ ಲೋಗೋ ಚೆನ್ನಾಗಿ ಕಾಣುತ್ತದೆ ಅಂತ ಸುಮ್ನೆ ಪ್ಯಾಕೆಟ್ ಮೇಲೆ, ಪೋಸ್ಟ್ ಮೇಲೆ ಅಂಟಿಸಬೇಡಿ. ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸಿಕೊಂಡವರಿಗೆ ಮಾತ್ರ ಆ ಹಕ್ಕು ಇದೆ. ಹಾಗೆಯೇ ‘ಇದನ್ನು ತಿಂದರೆ ಶುಗರ್ ಹೋಗುತ್ತದೆ’ ಎಂದು ಬರೆಯಲೇಬೇಡಿ. ಆಹಾರ ಮಾರುವವರು ರೋಗ ವಾಸಿ ಮಾಡುವ ಮಾತು ಆಡುವಂತಿಲ್ಲ.

ವ್ಯಾಪಾರಕ್ಕೆ ಬೇರೆ ಸಿಮ್ ತೆಗೆದುಕೊಂಡು ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಆ್ಯಪ್‌ಗೆ ದುಡ್ಡಿಲ್ಲ. ಕ್ಯಾಟಲಾಗ್‌ನಲ್ಲಿ ಫೋಟೋ, ತೂಕ, ರೇಟು ಹಾಕಿ. ರೇಟು ಬರೆಯದೆ ‘ಇನ್‌ಬಾಕ್ಸ್‌ಗೆ ಬನ್ನಿ’ ಅನ್ನುವವರ ಮೇಲೆ ನನಗಂತೂ ನಂಬಿಕೆ ಬರುವುದಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜ್ ಬಹಳ ಜನರಿಗೆ ಬೇರೆ ಬೇರೆಯಾಗಿ ಹೋಗುವ ಪಟ್ಟಿ) ಒಂದಕ್ಕೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ತಲುಪುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ‘ಕಳಿಸಿದೆ, ಯಾರೂ ನೋಡಲೇ ಇಲ್ಲ’ ಅನ್ನುತ್ತಾರೆ. ಮೊದಲ ಪ್ಯಾಕೆಟ್ ಕೊಡುವಾಗಲೇ “ನಂಬರ್ ಸೇವ್ ಮಾಡ್ಕೋರಿ, ಹೊಸ ಬ್ಯಾಳಿ ಬಂದಾಗ ಹೇಳ್ತೀನಿ” ಅನ್ನಿ. ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬೇಡಿ.

ವಿಡಿಯೋ ಮಾಡುವಾಗ ಬಹಳ ಜನ ಪ್ಯಾಕೆಟ್ ಹಿಡಿದುಕೊಂಡು ನಿಲ್ಲುತ್ತಾರೆ. ಪ್ಯಾಕೆಟ್ ನೋಡಲು ಯಾರು ನಿಲ್ಲುತ್ತಾರೆ? ಕೆಲಸ ತೋರಿಸಿ. ಬೆಳಗಿನ ಬೆಳಕಿನಲ್ಲಿ, ಕ್ಯಾಮೆರಾದ ಗಾಜು ಒರೆಸಿಕೊಂಡು, ತೊಗರಿ ಒಣಹಾಕುವುದನ್ನು ತೋರಿಸಿ. ಮಷಿನ್‌ನಿಂದ ಬೇಳೆ ಒಂದು ಕಡೆ, ಚುನ್ನಿ (ಸಿಪ್ಪೆ, ನುಚ್ಚು) ಒಂದು ಕಡೆ ಬೀಳುವುದನ್ನು ತೋರಿಸಿ. ಕುಕ್ಕರ್ ಮುಚ್ಚಳ ತೆಗೆದು ಬೇಳೆ ಬೆಂದದ್ದನ್ನು ಸೌಟಿನಲ್ಲಿ ಎತ್ತಿ ತೋರಿಸಿ. ಮಷಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಅದಕ್ಕೆ ಮಾತನ್ನು ಆಮೇಲೆ ಸೇರಿಸಿ, ಅಕ್ಷರವನ್ನೂ ಹಾಕಿ. ನಮ್ಮ ಭಾಷೆಯಲ್ಲೇ ಮಾತಾಡಿ. ನಾನು ಮೊದಲು ಟಿವಿಯವರ ಹಾಗೆ ಮಾತಾಡುತ್ತಿದ್ದೆ, ಒಬ್ಬರೂ ಕಮೆಂಟ್ ಹಾಕುತ್ತಿರಲಿಲ್ಲ. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿದ ವಿಡಿಯೋದಲ್ಲಿ ನಾವು ಮನೆಯಲ್ಲಿ ಆಡುವ ಮಾತೇ ಇತ್ತು. ಬೇಳೆಯ ಸುದ್ದಿಯೇ ಇರಲಿಲ್ಲ. ಆದರೂ ಪುಣೆ, ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಅದನ್ನು ನೋಡಿ ಹೊಸ ತೊಗರಿ ಯಾವಾಗ ಬರುತ್ತದೆ ಎಂದು ಕೇಳಿದರು. ಆ ವಾರ ಬಂದಷ್ಟು ಆರ್ಡರ್ ಅದಕ್ಕಿಂತ ಮೊದಲು ಬಂದಿರಲಿಲ್ಲ. ಸಿನಿಮಾ ಹಾಡು ಹಾಕುವ ಆಸೆ ಬೇಡ. ಬಿಸಿನೆಸ್ ಖಾತೆಗೆ ಎಲ್ಲ ಹಾಡೂ ಸಿಗುವುದಿಲ್ಲ, ಅನುಮತಿ ಇಲ್ಲದೆ ಹಾಕಿದರೆ ಸದ್ದು ತೆಗೆದುಬಿಡುತ್ತಾರೆ.

ಕೆಲಸ ತೋರಿಸಿದರೆ ಪ್ರಶ್ನೆ ಬರುತ್ತದೆ, ಬರಲಿ. ನಾವು ‘ಪಾಲಿಶ್ ಇಲ್ಲದ ಬೇಳೆ’ ಎಂದು ಬರೆಯುತ್ತೇವೆ. ಒಂದು ವಿಡಿಯೋದಲ್ಲಿ ತೊಗರಿಗೆ ಎಣ್ಣೆ ಹಚ್ಚುವುದು ಕಾಣಿಸಿತು. ‘ಪಾಲಿಶ್ ಇಲ್ಲ ಅಂತೀರಿ, ಎಣ್ಣೆ ಯಾಕೆ?’ ಎಂದು ಒಬ್ಬರು ಕೇಳಿದರು. ಆ ಕಮೆಂಟ್ ಅಳಿಸಿದ್ದರೆ ನಾವು ಕಳ್ಳರಾಗುತ್ತಿದ್ದೆವು, ಅಲ್ವಾ? ಮಾರನೇ ದಿನ ಅದಕ್ಕೇ ಇನ್ನೊಂದು ವಿಡಿಯೋ ಮಾಡಿದೆ. ಇಡೀ ಕಾಳಿನ ಸಿಪ್ಪೆ ಸಡಿಲಾಗಲಿ ಅಂತ ಒಡೆಯುವ ಮೊದಲು ಸ್ವಲ್ಪ ಎಣ್ಣೆ ಹಚ್ಚಿ, ನೀರು ಕೊಟ್ಟು, ಬಿಸಿಲಿಗೆ ಹಾಕುತ್ತೇವೆ. ಪಾಲಿಶ್ ಅಂದರೆ ಒಡೆದ ಬೇಳೆಯನ್ನು ಮತ್ತೆ ಎಣ್ಣೆ, ನೀರು ಹಚ್ಚಿ ಉಜ್ಜಿ ಹೊಳಪು ಬರಿಸುವುದು. ಎರಡೂ ಬೇಳೆಯನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ಈಗ ಯಾರೇ “ಬ್ಯಾಳಿ ಯಾಕ್ರಿ ಹೊಳಿಯಂಗಿಲ್ಲ?” ಅಂದರೂ ಆ ವಿಡಿಯೋ ಕಳಿಸುತ್ತೇನೆ.

ಇನ್ನು ದೂರಿನ ವಿಷಯ. ಇದನ್ನು ನಿಧಾನವಾಗಿ ಓದಿ. ನನಗೆ ಬಹಳ ಕಷ್ಟಪಟ್ಟು ಬಂದ ಪಾಠ ಇದು.

ಒಂದು ಶ್ರಾವಣದಲ್ಲಿ ಬೆಂಗಳೂರಿನ ಗ್ರಾಹಕರೊಬ್ಬರು ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟರು. ಬೇಳೆಯಲ್ಲಿ ಹುಳ, ಜೊತೆಗೆ ಫೋಟೋ. ರಾತ್ರಿ ಹನ್ನೊಂದು ಗಂಟೆ. ನಮ್ಮ ಮನೆಯವರು ಸಿಟ್ಟಿನಲ್ಲಿ ‘ನಮ್ಮ ಬೇಳೆ ಸರಿ ಇದೆ, ನಿಮ್ಮ ಡಬ್ಬಿಯಲ್ಲೇ ಹುಳ ಇತ್ತು’ ಎಂದು ಬರೆದರು. ಬೆಳಗಾಗುವುದರೊಳಗೆ ಅದರ ಸ್ಕ್ರೀನ್‌ಶಾಟ್ ಅವರ ಅಪಾರ್ಟ್‌ಮೆಂಟ್ ಗ್ರೂಪಿಗೆ ಹೋಗಿತ್ತು. ಅಲ್ಲಿನ ಮೂರು ಮನೆಯವರು ಆರ್ಡರ್ ಬೇಡ ಅಂದರು.

ನಾವು ಪ್ರತಿ ಪ್ಯಾಕೆಟ್ ಮೇಲೂ ಒಡೆದ ತಾರೀಕು, ಲಾಟ್ ನಂಬರ್ (ಒಂದೇ ಸಲ ಒಡೆದ ಬೇಳೆಗೆಲ್ಲ ಒಂದೇ ನಂಬರ್) ಬರೆಯುತ್ತೇವೆ. ಅವತ್ತು ಅದೇ ಉಳಿಸಿತು. ಅದೇ ಲಾಟ್‌ನ ಉಳಿದ ಪ್ಯಾಕೆಟ್ ಬಿಚ್ಚಿ ನೋಡಿದೆ. ಎರಡರಲ್ಲಿ ಹುಳ ಇತ್ತು. ಗೋಡೌನ್ ಮೂಲೆಯಲ್ಲಿ ಮಳೆ ನೀರು ಸೋರಿ ಚೀಲಕ್ಕೆ ತಂಪು ತಗುಲಿತ್ತು. ತಪ್ಪು ನಮ್ಮದೇ.

ಉತ್ತರ ಅಳಿಸಿ, ನಾನೇ ಫೋನ್ ಮಾಡಿದೆ. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಹುಳ ಬಂದಿದ್ದಕ್ಕೆ ಅಷ್ಟು ಬೇಜಾರಿಲ್ಲ ಮೇಡಂ, ನನ್ನ ಅಡುಗೆಮನೆ ಗಲೀಜು ಅಂತ ಎಲ್ಲರ ಮುಂದೆ ಬರೆದಿರಲ್ಲ.” ಕ್ಷಮೆ ಕೇಳಿದೆ, ದುಡ್ಡು ವಾಪಸ್ ಹಾಕಿದೆ. ಆಮೇಲೆ ಅದೇ ಲಾಟ್ ಹೋಗಿದ್ದ 18 ಮನೆಗಳಿಗೆ, ಅವರು ದೂರು ಕೊಡದಿದ್ದರೂ, ‘ಈ ಬೇಳೆ ಬಳಸಬೇಡಿ, ಬೇರೆ ಕಳಿಸುತ್ತೇವೆ’ ಎಂದು ಮೆಸೇಜ್ ಹಾಕಿದೆ. ನಷ್ಟ ಆಯಿತು. ಮಾವನವರು ಮಾತ್ರ “ಛಲೋ ಮಾಡಿದಿ” ಅಂದರು.

ಗೂಗಲ್‌ನಲ್ಲಿ ಹೀಗೆ ಬರೆದೆ: ‘ನೀವು ಹೇಳಿದ್ದು ನಿಜ. ನಮ್ಮ ಗೋಡೌನ್‌ನಲ್ಲಿ ಮಳೆ ನೀರು ಸೋರಿ ಈ ಲಾಟ್ ಕೆಟ್ಟಿತ್ತು. ಅದನ್ನು ಪೂರ್ತಿ ವಾಪಸ್ ತೆಗೆದುಕೊಳ್ಳುತ್ತಿದ್ದೇವೆ. ನಿನ್ನೆ ರಾತ್ರಿ ಬರೆದ ಮಾತಿಗೆ ಕ್ಷಮಿಸಿ.’ ನಾಲ್ಕೇ ಸಾಲು. ಏನಾಯಿತು, ಏನು ಮಾಡಿದಿರಿ, ಅಷ್ಟು ಸಾಕು. ಗ್ರಾಹಕರ ವಿಳಾಸ, ನಂಬರ್, ಆರ್ಡರ್ ವಿವರ ಅಲ್ಲಿ ಹಾಕಬಾರದು. ರಿವ್ಯೂ ತೆಗೆಯಿರಿ ಎಂದು ಅವರನ್ನು ಕೇಳಲೂಬೇಡಿ. ಅವರ ಒಂದು ಸ್ಟಾರ್ ಈಗಲೂ ಹಾಗೇ ಇದೆ. ಕೆಳಗೆ ‘ಫೋನ್ ಮಾಡಿ ತಪ್ಪು ಒಪ್ಪಿಕೊಂಡರು’ ಎಂಬ ಸಾಲನ್ನು ಅವರೇ ಸೇರಿಸಿದ್ದಾರೆ. ಅದನ್ನು ಓದಿಯೇ ಆರ್ಡರ್ ಮಾಡಿದೆವು ಎಂದು ಹೇಳಿದವರಿದ್ದಾರೆ.

ನಮ್ಮಿಂದ ಏನೂ ಕೊಳ್ಳದವರು ಸುಳ್ಳು ರಿವ್ಯೂ ಹಾಕಿದರೆ ಬೇರೆ ದಾರಿ. ಗೂಗಲ್‌ನಲ್ಲಿ ಅದನ್ನು ನೀವು ಅಳಿಸಲಾಗದು, ರಿಪೋರ್ಟ್ ಮಾಡಬಹುದು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ‘ಈ ಹೆಸರಿನ ಆರ್ಡರ್ ನಮ್ಮಲ್ಲಿ ಸಿಗುತ್ತಿಲ್ಲ, ದಯವಿಟ್ಟು ಫೋನ್ ಮಾಡಿ’ ಎಂದಷ್ಟೇ ಬರೆಯಿರಿ. ದುಡ್ಡು ಕೊಟ್ಟು ಐದು ಸ್ಟಾರ್ ಹಾಕಿಸಿಕೊಳ್ಳುವುದು, ರಿವ್ಯೂ ಹಾಕಿದವರಿಗೆ ರಿಯಾಯಿತಿ ಕೊಡುವುದು ಎರಡೂ ಬೇಡ. ಗೂಗಲ್ ನಿಯಮದಲ್ಲೂ ಅದಕ್ಕೆ ಜಾಗವಿಲ್ಲ. ಬೇಳೆ ತಲುಪಿದ ವಾರದ ಮೇಲೆ ‘ಹೇಗಿತ್ತು ಬರೆಯಿರಿ’ ಎಂದು ಲಿಂಕ್ ಕಳಿಸಿ. ಒಳ್ಳೆಯದನ್ನೇ ಬರೆಯಿರಿ ಅನ್ನಬೇಡಿ.

ಮೋಸದವರ ಬಗ್ಗೆ ಎರಡು ಮಾತು. ‘ಆರ್ಮಿ ಕ್ಯಾಂಟೀನ್‌ಗೆ 50 ಕಿಲೋ ಬೇಕು, ದುಡ್ಡು ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂಬ ಫೋನ್ ನಿಮಗೂ ಬರಬಹುದು. ದುಡ್ಡು ಬರಬೇಕಾದರೆ ನೀವು ಸ್ಕ್ಯಾನ್ ಮಾಡುವುದಿಲ್ಲ, ಪಿನ್ ಒತ್ತುವುದಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತ ಅರ್ಥ. ನಿಮ್ಮ ಫೋಟೋ ಕದ್ದು ನಕಲಿ ಪೇಜ್ ಮಾಡಿದ್ದು ಕಂಡರೆ ರಿಪೋರ್ಟ್ ಮಾಡಿ, ನಿಮ್ಮ ಅಸಲಿ ನಂಬರ್ ಯಾವುದು ಎಂದು ಸ್ಟೇಟಸ್ ಹಾಕಿ. ಯಾರದಾದರೂ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ವಾಟ್ಸ್ಆ್ಯಪ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್, ಅಂದರೆ ಇನ್ನೊಂದು ಪಿನ್‌ನ ಬೀಗ, ಇವತ್ತೇ ಹಾಕಿ. ಓಟಿಪಿ ಯಾರಿಗೂ ಹೇಳಬೇಡಿ.

ವ್ಯಾಪಾರದ ಫೋನ್ ಯಾರ ಕೈಯಲ್ಲಿರುತ್ತದೆ ಅನ್ನುವುದನ್ನೂ ಮನೆಯಲ್ಲಿ ಮಾತಾಡಿಕೊಳ್ಳಿ. ನಾನು ತವರಿಗೆ ಹೋದ ದಿನ ನಮ್ಮ ಮನೆಯವರೇ ನೋಡಿಕೊಳ್ಳುತ್ತಾರೆ. ದೂರು ಬಂದರೆ ಅವರು ಕಳಿಸುವುದು ಎರಡೇ ಸಾಲು. ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ (ಸಿದ್ಧ ಉತ್ತರ ಇಡುವ ಜಾಗ) ಅದನ್ನು ಇಬ್ಬರೂ ಕೂತು ಬರೆದಿಟ್ಟಿದ್ದೇವೆ: ‘ನಿಮ್ಮ ಮೆಸೇಜ್ ನೋಡಿದೆವು. ಪ್ಯಾಕೆಟ್ ಮೇಲಿನ ಲಾಟ್ ನಂಬರ್ ಕಳಿಸಿ, ಬೆಳಿಗ್ಗೆ ಫೋನ್ ಮಾಡುತ್ತೇವೆ.’