ಸೀರೆ ಫೋಟೊದಿಂದ ಸಿನಿಮಾಗೆ: ನನ್ನ ಅನುಭವ

ಬಟ್ಟೆ ಅಂಗಡಿಯ ಹೋರ್ಡಿಂಗ್‌ನಲ್ಲಿ ಮುಖ ಬಂದರೆ ಸಾಕು, ಸಿನಿಮಾದವರೇ ಹುಡುಕಿಕೊಂಡು ಬರುತ್ತಾರೆ ಎಂದು ನಮ್ಮ ಶಿಡ್ಲಘಟ್ಟದಲ್ಲಿ ಈಗಲೂ ನಂಬುತ್ತಾರೆ. ನನ್ನ ಮುಖ ಇದ್ದ ಹೋರ್ಡಿಂಗ್ ಚಿಕ್ಕಬಳ್ಳಾಪುರದಲ್ಲಿ ದೀಪಾವಳಿಗೆ ಏರಿದ್ದು ಸಂಕ್ರಾಂತಿವರೆಗೂ ಇತ್ತು. ಸಿನಿಮಾದವರ ಫೋನ್ ಒಂದೂ ಬರಲಿಲ್ಲ. ಮದುವೆ ಸಂಬಂಧಗಳು ಮಾತ್ರ ಜಾಸ್ತಿ ಬಂದವು!

ಮಾಡೆಲಿಂಗ್ ನನ್ನನ್ನು ಆಡಿಷನ್ ರೂಮಿನ ತನಕ ಕರೆದುಕೊಂಡು ಹೋಯಿತು ನಿಜ. ಅಲ್ಲಿಂದ ಮುಂದೆ ಕೆಲಸ ಕೊಡಿಸಿದ್ದು ನನ್ನ ದನಿ.

ಈ ಮಾತು ಬಂದಾಗೆಲ್ಲ ದೀಪಿಕಾ ಪಡುಕೋಣೆ ಹೆಸರು ಹೇಳುವವರಿದ್ದಾರೆ. ಬೆಂಗಳೂರಲ್ಲಿ ಬೆಳೆದ ಹುಡುಗಿ, ಜಾಹೀರಾತು, ರ‍್ಯಾಂಪ್ ಎಲ್ಲ ಮಾಡಿ 2006ರಲ್ಲಿ ಕನ್ನಡದ ‘ಐಶ್ವರ್ಯ’, 2007ರಲ್ಲಿ ಹಿಂದಿಯ ‘ಓಂ ಶಾಂತಿ ಓಂ’. ನೋಡು, ಎಷ್ಟು ಬೇಗ ಸ್ಟಾರ್ ಆದಳು ಅಂತಾರೆ. ಆದರೆ ‘ಓಂ ಶಾಂತಿ ಓಂ’ನಲ್ಲಿ ಕೇಳುವ ದನಿ ಅವರದಲ್ಲ, ಮೋನಾ ಘೋಷ್ ಶೆಟ್ಟಿ ಎಂಬ ಡಬ್ಬಿಂಗ್ ಕಲಾವಿದೆಯದು. ಶಾರುಖ್ ಖಾನ್ ಎದುರು ನಾಯಕಿಯಾದವರಿಗೆ ಅದು ನಡೆಯುತ್ತದೆ. ಚಿಕ್ಕ ಬಜೆಟ್‌ನ ಕನ್ನಡ ಸಿನಿಮಾದಲ್ಲಿ, ಅದರಲ್ಲೂ ಸೆಟ್ಟಿನಲ್ಲೇ ದನಿ ಹಿಡಿಯುವ ಸಿಂಕ್ ಸೌಂಡ್ ಇದ್ದಾಗ, ಹೊಸ ಹುಡುಗಿಗೆ ಯಾರು ದನಿ ಕೊಡಿಸುತ್ತಾರೆ? ಮಾತು ಬರುವ ಇನ್ನೊಬ್ಬಳನ್ನು ಕರೆಯುತ್ತಾರೆ, ಅಷ್ಟೇ.

ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ. ಅಪ್ಪನದು ರೇಷ್ಮೆ ನೂಲು ಬಿಚ್ಚುವ ಕೆಲಸ. ನನ್ನ ಕನ್ನಡದಲ್ಲಿ ‘ಹ’ಕಾರ ಬೇಕಾದಲ್ಲಿ ಇರುತ್ತಿರಲಿಲ್ಲ, ಬೇಡದ ಕಡೆ ಬರುತ್ತಿತ್ತು. ಅದಕ್ಕೆ ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಷೀನ್ ಸದ್ದಿನ ಮೇಲೆ ಅಪ್ಪನಿಗೆ ಕೇಳಿಸಬೇಕು, ಆದರೆ ಕಿರುಚಬಾರದು. ಗಂಟಲಿಂದಲ್ಲ, ಹೊಟ್ಟೆಯಿಂದ ದನಿ ತೆಗೆಯೋದು ಹಾಗೇ ರೂಢಿಯಾಯಿತು. ಗೂಡಿನ ರೇಟು, ಕ್ರಿಕೆಟ್ಟು, ಶ್ರದ್ಧಾಂಜಲಿ, ಏನಿದ್ದರೂ ಸರಿ. ಶ್ರದ್ಧಾಂಜಲಿ ಓದುವಾಗ ಅಪ್ಪ ಸಿಟ್ಟಾಗುತ್ತಿದ್ದರು.

ಆಮೇಲೆ ಬೆಂಗಳೂರಿನ ಒಂದು ಹವ್ಯಾಸಿ ನಾಟಕ ತಂಡ ಸೇರಿದೆ. ಮೊದಮೊದಲು ಕಸ ಗುಡಿಸಿದ್ದು, ರಂಗದ ಮೇಲೆ ಬಳಸುವ ಸಾಮಾನು ಎತ್ತಿಟ್ಟಿದ್ದು, ಬೇರೆಯವರ ಮಾತು ಬಾಯಿಪಾಠ ಮಾಡಿದ್ದು. ಒಬ್ಬ ನಟಿಗೆ ಜ್ವರ ಬಂದಾಗ ನನ್ನನ್ನು ನಿಲ್ಲಿಸಿದರು. ಸಂಜೆ ನಾಟಕ ಮುಗಿದರೆ ಕೊನೆ ಬಸ್ಸಿಗೆ ಓಡಬೇಕು. ಬೆಂಗಳೂರಲ್ಲೇ ರೂಮು ಮಾಡು ಅಂತ ಎಲ್ಲರೂ ಹೇಳಿದರು. ಆ ಬಾಡಿಗೆ ದುಡ್ಡಲ್ಲಿ ನಾನು ಒಳ್ಳೆ ಪೋರ್ಟ್‌ಫೋಲಿಯೊ ಮಾಡಿಸಿಕೊಂಡೆ.

ಆ ಪೋರ್ಟ್‌ಫೋಲಿಯೊದಲ್ಲೂ ಅರ್ಧಕ್ಕರ್ಧ ಮೇಕಪ್ ಇಲ್ಲದ ಫೋಟೊ ಇರಲಿ ಎಂದು ಹಟ ಹಿಡಿದೆ. ಎದುರು, ಎಡ, ಬಲ, ತಲೆಯಿಂದ ಕಾಲಿನವರೆಗೆ. ಜೊತೆಗೆ ಮೊಬೈಲ್‌ನಲ್ಲಿ ತೆಗೆದ ಚಿಕ್ಕ ವಿಡಿಯೊ: ಹೆಸರು, ಎತ್ತರ, ಬರುವ ಭಾಷೆಗಳು, ಒಂದು ನಿಮಿಷದ ಸಂಭಾಷಣೆ. ಕಿಟಕಿಗೆ ಮುಖ ಮಾಡಿ ನಿಂತರೆ ಬೆಳಕು ಸಾಕು. ಆಡಿಷನ್ ತೆಗೆದುಕೊಳ್ಳುವವರು ಮೊದಲು ನೋಡುವುದು ಈ ವಿಡಿಯೊವನ್ನೇ.

ಇನ್ನು ಕ್ಯಾಮೆರಾ. ಸೀರೆ ಶೂಟ್‌ನಲ್ಲಿ ಎಲ್ಲವೂ ಬಾರ್ಡರ್‌ಗಾಗಿ. ಸೆರಗು ಕಾಣಬೇಕು, ಕಣ್ಣು ಲೆನ್ಸ್ ಮೇಲಿರಬೇಕು, ಕ್ಲಿಕ್ ಆಗುವ ತನಕ ಉಸಿರು ಹಿಡಿಯಬೇಕು. ಸಿನಿಮಾದಲ್ಲಿ ಲೆನ್ಸ್ ನೋಡಿದರೆ ಶಾಟ್ ಕೆಟ್ಟಿತು. ನೆಲಕ್ಕೆ ಟೇಪ್ ಅಂಟಿಸಿರುತ್ತಾರೆ, ಅದನ್ನು ನೋಡದೆ ಅದರ ಮೇಲೇ ಬಂದು ನಿಲ್ಲಬೇಕು. ಇಲ್ಲವಾದರೆ ಫೋಕಸ್ ತಪ್ಪುತ್ತದೆ. ಯಾವ ಮಾತಿಗೆ ಯಾವ ಕೈಯಲ್ಲಿ ಲೋಟ ಎತ್ತಿದೆನೋ, ಪ್ರತಿ ಟೇಕಿನಲ್ಲೂ ಅದೇ ಕೈ, ಅದೇ ಮಾತು. ಬೆಳಕು ಮುಖಕ್ಕೆ ಎಲ್ಲಿ ಬೀಳುತ್ತದೆ ಎಂಬುದು ಮಾತ್ರ ಮಾಡೆಲಿಂಗ್‌ನಿಂದ ಬಂದ ವಿದ್ಯೆ. ಲೈಟ್ ಹುಡುಗರು ಅದಕ್ಕೇ ನನ್ನನ್ನು ಇಷ್ಟಪಡುತ್ತಿದ್ದರು.

ಕಷ್ಟವಾಗಿದ್ದು ನಾನು ತಂಗಿ ಪಾತ್ರ ಮಾಡಿದ ಸಿನಿಮಾದ ಅಳುವ ದೃಶ್ಯ. ಅಳುವಾಗ ಮುಖ ಕೆಡುತ್ತದೆ, ಮಾಡೆಲ್‌ಗೆ ಅದೇ ಭಯ. ನಿರ್ದೇಶಕರು ಹತ್ತಿರ ಬಂದು, “ಚೆನ್ನಾಗಿ ಕಾಣ್ಬೇಡಮ್ಮ, ಎದುರಿಗಿರೋರ ಮಾತು ಕೇಳಿಸ್ಕೋ ಸಾಕು” ಅಂದರು. ಎದುರಿಗೆ ತಾಯಿ ಪಾತ್ರದ ಹಿರಿಯ ನಟಿ. ನಾನು ಅವರ ಮಾತು ಕೇಳಿದೆ. ಅಳು ತಾನೇ ಬಂತು. ಆ ತಂಗಿ ಪಾತ್ರ ನೋಡಿಯೇ ಮುಂದಿನ ಸಿನಿಮಾದಲ್ಲಿ ನಾಯಕಿ ಮಾಡಿದರು.

ಮನೆಮಾತಿನ ಬೆಲೆ ಗೊತ್ತಾಗಿದ್ದು ಹೈದರಾಬಾದಿಗೆ ಹೋದಾಗ. ಅಲ್ಲಿ ಭಾಷೆ ಬಾರದ ನಾಯಕಿಯರಿಗೆ ಕ್ಯಾಮೆರಾ ಪಕ್ಕ ನಿಂತು ಸಂಭಾಷಣೆ ಹೇಳಿಕೊಡುತ್ತಾರೆ. ನನಗೆ ಅದು ಬೇಕಿರಲಿಲ್ಲ. ಮುಳಬಾಗಿಲು ಕಡೆಯ ಸೌಂದರ್ಯ ತೆಲುಗಿನಲ್ಲಿ ಅಷ್ಟು ದೊಡ್ಡ ನಟಿಯಾಗಿದ್ದನ್ನು ನೋಡಿ ಬೆಳೆದವರು ನಾವು. 2007ರವರೆಗೆ ನಮ್ಮದೂ ಕೋಲಾರ ಜಿಲ್ಲೆಯೇ ಅಲ್ವಾ!

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಪಾತ್ರ ಕೊಡಿಸಲು ದುಡ್ಡು ಕೇಳಿದ ಕೋಆರ್ಡಿನೇಟರ್‌ಗಳ ನಂಬರನ್ನು ಅಲ್ಲೇ ಅಳಿಸಿದ್ದೇನೆ. ಕೆಲಸ ಕೊಡಿಸಿದ ಮೇಲೆ ಕಮಿಷನ್ ತೆಗೆದುಕೊಳ್ಳುವುದು ಬೇರೆ ಮಾತು. ಅಗ್ರಿಮೆಂಟ್‌ನಲ್ಲಿ ಎಷ್ಟು ದಿನದ ಕಾಲ್‌ಶೀಟ್, ದಿನ ಜಾಸ್ತಿಯಾದರೆ ಎಷ್ಟು, ಪ್ರಚಾರಕ್ಕೆ ಎಷ್ಟು ದಿನ ಬರಬೇಕು, ಎಲ್ಲ ಬರೆಸುತ್ತೇನೆ. ಅಡ್ವಾನ್ಸ್ ಇಲ್ಲದೆ ಡೇಟ್ಸ್ ಇಲ್ಲ. ಕೊನೆ ಕಂತು ಡಬ್ಬಿಂಗ್‌ಗೆ ಮುಂಚೆ ಬರಬೇಕು. ಡಬ್ಬಿಂಗ್ ಮುಗಿದ ಮೇಲೆ, ಪ್ರಚಾರ ಬಿಟ್ಟರೆ, ನಿರ್ಮಾಪಕರಿಗೆ ನನ್ನಿಂದ ಆಗಬೇಕಾದ್ದು ಏನೂ ಉಳಿದಿರುವುದಿಲ್ಲ. ಒಬ್ಬ ನಿರ್ಮಾಪಕರು “ಮೊದ್ಲು ಮಾತಾಡಿ ಮೇಡಂ, ಆಮೇಲೆ ನೋಡೋಣ” ಅಂದರು. ನಾನು ಸ್ಟುಡಿಯೊ ಹೊರಗೆ ಕಾಫಿ ಕುಡಿಯುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ದುಡ್ಡು ಬಂತು, ಸಂಜೆಯೊಳಗೆ ನನ್ನ ಮಾತೂ ಮುಗಿದಿತ್ತು.