ಲಾರಿಯ ಮುಂದಿನ ಟೈರ್ ಒಳಗಡೆ ಸವೆಯುತ್ತಿತ್ತು: ಸರಿಮಾಡಿದ ಬಗೆ

ನಮ್ಮ ಹಳೇ ಲಾರಿಯ ಮುಂದಿನ ಎರಡೂ ಟೈರ್ ಒಳ ಅಂಚಲ್ಲಿ ಸವೆಯುತ್ತಿದ್ದವು. ಕೈ ಆಡಿಸಿದರೆ ಒಂದು ಕಡೆಗೆ ನುಣುಪು, ವಾಪಸ್ ತಂದರೆ ಗರಗಸದ ಹಲ್ಲಿನ ಹಾಗೆ ತರಚುತ್ತಿತ್ತು. ಎರಡು ಸಲ ಅಲೈನ್‌ಮೆಂಟ್ (ಚಕ್ರಗಳ ನೇರ ಸರಿಮಾಡುವುದು) ಮಾಡಿಸಿದೆ. ತಿಂಗಳಲ್ಲಿ ಮತ್ತೆ ಅದೇ ಕಥೆ.

ಕೊನೆಗೆ ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಚಕ್ರ ಎತ್ತಿದೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಟಕ್ ಕಟಕ್ ಸದ್ದು. ತಮ್ಮನಿಗೆ ಬ್ರೇಕ್ ಒತ್ತಿ ಹಿಡಿ ಅಂದೆ. ಆಗ ಆಟ (ಅಲ್ಲಾಟ) ನಿಂತರೆ ಚಕ್ರದ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್‌ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವ ಕೀಲಿನ ಪಿನ್, ಸವೆದಿದೆ ಅಂತ. ನಮ್ಮದು ನಿಲ್ಲಲಿಲ್ಲ. ಬಿಚ್ಚಿದಾಗ ಬುಷ್ (ಪಿನ್ ಕೂರುವ ಬಳೆ) ಒಂದು ಬದಿ ಕಾಗದದಷ್ಟು ತೆಳ್ಳಗಾಗಿತ್ತು. ಗ್ರೀಸ್ ಒಣಗಿ ಮಣ್ಣಾಗಿತ್ತು. ಇಷ್ಟು ಆಟ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಸುಮ್ನೆ ದುಡ್ಡು ದಂಡ ಅಲ್ವಾ?

ಎರಡೂ ಕಡೆ ಹೊಸ ಕಿಂಗ್‌ಪಿನ್ ಸೆಟ್ ಹಾಕಿ, ಪಿನ್ ಸರಿಯಾಗಿ ಕೂರುವಂತೆ ಬುಷ್‌ಗೆ ರೀಮರ್ ಹೊಡೆಸಿ ತೂತು ಅಳತೆಗೆ ತಂದೆ. ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಎಂಡ್, ಅಂದರೆ ಅದರ ತುದಿಯ ಕೀಲು ಕೂಡ ಬದಲಾಯಿಸಿದೆ. ಆಮೇಲೆ ಟೋ, ಅಂದರೆ ಎರಡು ಚಕ್ರಗಳ ನಡುವಿನ ಅಂತರ ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನೋ ವ್ಯತ್ಯಾಸ. ಟೈರಿನ ನಡುವೆ ಸೀಮೆಸುಣ್ಣದ ಗುರುತು ಹಾಕಿ, ಆಕ್ಸಲ್ ಎತ್ತರಕ್ಕೆ ಮುಂದೆ ಒಂದು ಅಳತೆ. ಗಾಡಿಯನ್ನು ಚಕ್ರ ಅರ್ಧ ಸುತ್ತುವಷ್ಟು ತಳ್ಳಿ, ಅದೇ ಗುರುತಿಗೆ ಹಿಂದೆ ಇನ್ನೊಂದು. ಮುಂದೆ 7 ಮಿ.ಮೀ. ಜಾಸ್ತಿ ಇತ್ತು, ಅಂದರೆ ಚಕ್ರಗಳು ಮುಂದೆ ಹೊರಗೆ ತೆರೆದುಕೊಂಡಿದ್ದವು; ಒಳ ಅಂಚು ಸವೆಯುತ್ತಿದ್ದುದು ಇದಕ್ಕೇ. ಟೈ ರಾಡ್ ತಿರುಗಿಸಿ, ನಮ್ಮ ಗಾಡಿಯ ಪುಸ್ತಕದಲ್ಲಿದ್ದಂತೆ ಮುಂದೆ 2 ಮಿ.ಮೀ. ಕಮ್ಮಿ ಬರುವ ಹಾಗೆ ಮಾಡಿದೆ.

ಈಗ 9 ಸಾವಿರ ಕಿ.ಮೀ. ಓಡಿದೆ. ಟೈರ್ ಸಮವಾಗಿದೆ. ಕಿಂಗ್‌ಪಿನ್‌ಗೆ ಗ್ರೀಸ್ ಮಾತ್ರ ನಾನೇ ನಿಂತು ಹೊಡೆಸುತ್ತೇನೆ.