ಜೆಡಬ್ಲ್ಯೂ-15: ಅಗ್ಗದ ನಕಲು ಕೊಳ್ಳಬಹುದಾ?

ಕೆನಡಾ, ನ್ಯೂಜಿಲೆಂಡ್‌ನಲ್ಲಿದ್ದು, ಲೈಸೆನ್ಸ್ ಪಡೆದು ಮೊದಲ .22 ರೈಫಲ್ ಹುಡುಕುತ್ತಿರುವವರಿಗೆ. ಚೀನಾದ ನಾರಿಂಕೋ ಜೆಡಬ್ಲ್ಯೂ-15 ಅಂದರೆ ಜೆಕ್ ಬ್ರನೋ ಮಾಡೆಲ್ 2ರ ನಕಲು, ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟ್ ಅನ್ನೋ ಹಿಡಿಯನ್ನು ಕೈಯಲ್ಲಿ ಎಳೆದು ತಳ್ಳಬೇಕು). ಕೊಟ್ಟ ದುಡ್ಡಿಗೆ ಬ್ಯಾರೆಲ್ ಮೋಸವಿಲ್ಲ, ಕೊರತೆಯೆಲ್ಲ ಫಿನಿಶಿಂಗ್‌ನದ್ದು.

ಅಂಗಡಿಯಲ್ಲೇ ಬೋಲ್ಟ್ ತೆಗೆಸಿ ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿ. ಗುರಿ ನೋಡುವ ಮುಂದಿನ ಸೈಟ್ ವಾಲಿದ್ದರೆ ಬೇರೆ ಪೀಸ್ ಕೇಳಿ.

ಮನೆಗೆ ತಂದ ಮೇಲೆ ಚೇಂಬರ್ (ಗುಂಡು ಕೂರುವ ಜಾಗ) ಖಾಲಿಯಿದೆಯಾ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ಪ್ಯಾಕಿಂಗ್ ಗ್ರೀಸನ್ನು ಪೂರ್ತಿ ತೊಳೆಯಿರಿ. ಬೋಲ್ಟ್ ಒಳಗೆ ಉಳಿದ ಗ್ರೀಸ್ ಚಳಿಗೆ ಗಟ್ಟಿಯಾಗಿ, ಗುಂಡಿಗೆ ಬಡಿಯುವ ಫೈರಿಂಗ್ ಪಿನ್‌ನ ಹೊಡೆತ ಕುಗ್ಗುತ್ತೆ, ಗುಂಡು ಹಾರಲ್ಲ. ಸ್ಟಾಕ್‌ನ (ರೈಫಲ್ ಹಿಡಿಯುವ ಮರದ ಭಾಗ) ಮರ ಮೆತ್ತಗಿದ್ದರೆ ಸ್ಕ್ರೂ ಸಡಿಲವಾಗಿ ಗುರಿ ಕದಲುತ್ತೆ, ಆಗಾಗ ಬಿಗಿ ನೋಡಿ. ಸ್ಲಾಟ್‌ಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ರೇ ಬೇಕು, ಇಲ್ಲದಿದ್ದರೆ ತಲೆ ಕಿತ್ತುಹೋಗುತ್ತೆ.

ಟ್ರಿಗರ್ ಭಾರ ಅಂತ ಸಿಯರ್‌ಗೆ (ಟ್ರಿಗರ್ ಒತ್ತುವವರೆಗೆ ಫೈರಿಂಗ್ ಪಿನ್ ತಡೆದಿಡುವ ಭಾಗ) ಅರ ಹಾಕಲೇಬೇಡಿ! ಅದರ ಹಿಡಿತ ತಪ್ಪಿದರೆ ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರಬಹುದು. ಟ್ರಿಗರ್ ಹಗುರ ಮಾಡುವುದು ಗನ್‌ಸ್ಮಿತ್ (ಬಂದೂಕು ರಿಪೇರಿಯವರ) ಕೆಲಸ. ಆ ಖರ್ಚನ್ನೂ ಕೂಡಿಸಿ ನೋಡಿ, ಹತ್ತಿರದ ಬೆಲೆಗೆ ಅದೇ ಬ್ರನೋ ವಂಶದ ಅಸಲಿ ಜೆಕ್ ರೈಫಲ್, ಹಳೆಯ ಸಿಝಡ್ 452 ಸಿಕ್ಕರೆ ಅದನ್ನೇ ಕೊಳ್ಳಿ.

ನಕಲೇ ಸಾಕೆಂದರೆ, ಮೂರು ಬ್ರಾಂಡ್ ಗುಂಡು ತಂದು 50 ಮೀಟರ್‌ನಲ್ಲಿ ಐದೈದು ಹೊಡೆದು, ಒತ್ತಾಗಿ ಬಿದ್ದದ್ದನ್ನು ಇಟ್ಟುಕೊಳ್ಳಿ.